ಎರಡು ಕೋಣೆಗೆ ಒಂದೇ ದೀಪ

ಹೋದ ತಿಂಗಳು ಅತ್ತಿಗುಂಡಿಯಲ್ಲಿ ನನ್ನಿಂದ ಒಂದು ಅನಾಹುತವಾಯಿತು. ಅಲ್ಲಿ ನನ್ನ ಮಗಳು, ಅಳಿಯ ಹೋಂಸ್ಟೇ ನಡೆಸುತ್ತಾರೆ. ಬಾಬಾಬುಡನ್‌ಗಿರಿ ನೋಡಲು ಬಂದವರು ಮಂಜಿನಲ್ಲಿ ನಡುಗುತ್ತ ಬಂದು ಮೊದಲು ಕೇಳುವುದೇ ಬಿಸಿನೀರು ಎಲ್ಲಿ ಎಂದು. ನಾನು ಹಜಾರದಲ್ಲಿ ಸುಮ್ಮನೆ ಓಡಾಡುತ್ತಿದ್ದವಳು, ಸ್ನಾನದ ಮನೆಯ ಹೊರಗಿನ ಸ್ವಿಚ್ಚು ಹಾಕಿಯೇ ಇದ್ದದ್ದು ಕಂಡು, ಹಾಳಾದವರು ಆರಿಸದೇ ಹೋಗಿದ್ದಾರೆ ಎಂದುಕೊಂಡು ಟಕ್ಕನೆ ಆರಿಸಿಬಿಟ್ಟೆ. ಒಳಗಿನಿಂದ ಒಂದು ಗಂಡು ದನಿ ಕೂಗಿತು. ಮೈಗೆಲ್ಲ ಸೋಪು ಹಚ್ಚಿಕೊಂಡು ಕತ್ತಲಲ್ಲಿ ನಿಂತಿದ್ದ ಆ ಮನುಷ್ಯ ಆಮೇಲೆ ತಿಂಡಿಗೆ ಕೂತಾಗ ಮಗಳ ಹತ್ತಿರ ಮೆಲ್ಲಗೆ ಕೇಳಿದನಂತೆ, ಈ ಮನೆಯಲ್ಲಿ ಏನಾದರೂ ಇದೆಯಾ ಎಂದು. ಮಗಳು, "ಏನೂ ಇಲ್ಲ ಸಾರ್, ನಮ್ಮಮ್ಮ ಬಂದಿದ್ದಾರೆ" ಎಂದಳಂತೆ.

ನಗಬೇಡಿ. ಆ ಪ್ರಶ್ನೆ ಕೇಳಿ ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ನನ್ನ ನಗು ಅರ್ಧಕ್ಕೇ ನಿಂತದ್ದನ್ನು ಯಾರೂ ಗಮನಿಸಲಿಲ್ಲ. ಉರಿಯುವ ದೀಪ ಕಂಡರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ನೆಂಟರ ಮನೆಯಲ್ಲಿ, ಕಲ್ಯಾಣಮಂಟಪದಲ್ಲಿ, ಒಮ್ಮೆ ದಂತವೈದ್ಯರ ಕೋಣೆಯಲ್ಲಿ ಸಹ. ಈ ಚಾಳಿ ನನಗೆ ಹತ್ತಿದ್ದು ಎಲ್ಲಿ ಎಂದು ನಿಮಗೆ ಹೇಳಬೇಕಾದರೆ ನಮ್ಮ ಮನೆಯ ಕಥೆ ಹೇಳಬೇಕು. ಅದನ್ನು ಹಗಲು ಹೊತ್ತಿನಲ್ಲೇ ಹೇಳುವುದು ವಾಸಿ.

ನಮ್ಮನೆಯವರು ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ ಬರೆಯುವ ಕೆಲಸ. ಮದುವೆಯಾದಾಗಿನಿಂದ ಎಸ್ಟೇಟಿನ ಕ್ವಾರ್ಟರ್ಸಿನಲ್ಲೇ ಇದ್ದೆವು. ಕೆಲಸ ಇರುವವರೆಗೆ ಮನೆ, ಕೆಲಸ ಬಿಟ್ಟ ದಿನ ಬೀದಿ. ಹಾಗಾಗಿ ತಲೆ ಮೇಲೊಂದು ಸ್ವಂತ ಸೂರು ಬೇಕೆಂದು ಮೂಡಿಗೆರೆಯ ಹಿಂದಿನ ಬೀದಿಯಲ್ಲಿ ಒಂದು ಹಳೆ ಮನೆ ತೆಗೆದುಕೊಂಡೆವು. ಹಿಂದೆ ಅದರಲ್ಲಿದ್ದವರು ಸಾಲ ತೀರಿಸಲಾಗದೆ ಕಳೆದುಕೊಂಡ ಮನೆ, ಹರಾಜಿಗೆ ಬಂದದ್ದು. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದೆವು. ಅಗ್ಗವೆಂದರೂ ನಮ್ಮ ಹತ್ತಿರ ಎಲ್ಲಿತ್ತು ದುಡ್ಡು? ನಾವೂ ಸಾಲ ಮಾಡಿದೆವು. ಕಂತುಗಳನ್ನು ಲೆಕ್ಕ ಹಾಕಿ ನೋಡಿದರೆ ಅವು ನಮ್ಮನೆಯವರ ರಿಟೈರ್‌ಮೆಂಟ್ ದಾಟಿ ಎಷ್ಟೋ ವರ್ಷ ಮುಂದಕ್ಕೆ ಹೋಗುತ್ತಿದ್ದವು. ಪಿಂಚಣಿಯೆಂದು ನೆಚ್ಚಿಕೊಳ್ಳುವಂಥದ್ದು ಏನೂ ಇಲ್ಲ. ಸಂಬಳ ನಿಲ್ಲುವ ಮೊದಲು ಸಾಲ ತೀರದಿದ್ದರೆ ಹಿಂದಿನವರಿಗೆ ಆದದ್ದೇ ನಮಗೂ ಆಗುತ್ತದೆ. ಇದು ನನಗೆ ಗೃಹಪ್ರವೇಶದ ಹಾಲು ಉಕ್ಕುವಾಗಲೇ ಗೊತ್ತಿತ್ತು.

ಉಳಿತಾಯವೇನೂ ನನಗೆ ಹೊಸದಲ್ಲ. ನಾನು ಹುಟ್ಟಿದ್ದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ, ಅಪ್ಪ ಆಳುಗಳ ಮೇಸ್ತ್ರಿ. ಅಮ್ಮ ಒಂದೇ ಕಾಫಿಪುಡಿಯನ್ನು ಮತ್ತೆ ಮತ್ತೆ ಕುದಿಸಿ, ಮೊದಲಿನದ್ದು ಅಪ್ಪನಿಗೆ, ಎರಡನೆಯದು ತನಗೆ, ಕೊನೆಯ ಕೆಂಪು ನೀರು ಮಕ್ಕಳಿಗೆ ಎಂದು ಹಂಚುತ್ತಿದ್ದಳು. ಮಕ್ಕಳಿಗೆ ಕಡು ಕಾಫಿ ಆಗಬಾರದು ಎಂದು ಅದಕ್ಕೊಂದು ಶಾಸ್ತ್ರವನ್ನೂ ಹೇಳುತ್ತಿದ್ದಳು. ಕಾಫಿ ಸೀಮೆಯಲ್ಲೇ ಹುಟ್ಟಿದ ನಾನು ಕಾಫಿಯ ರುಚಿ ಕಂಡದ್ದು ಮದುವೆಯಾದ ಮೇಲೆ. ಅಜ್ಜಿಯದ್ದು ಇನ್ನೊಂದು ಕ್ರಮ. ಅವಳು ದೀಪ ಆರಿಸು ಎಂದು ಬಾಯಲ್ಲಿ ಅನ್ನುತ್ತಿರಲಿಲ್ಲ, ದೊಡ್ಡದು ಮಾಡು ಎನ್ನುತ್ತಿದ್ದಳು. ಊದಿ ಆರಿಸಿದರೆ ಬೈಗುಳ, ಅಂಗೈ ಬೀಸಿ ಶಾಂತ ಮಾಡಬೇಕು. ಮುಸ್ಸಂಜೆಯಲ್ಲಂತೂ ದೀಪದ ತಂಟೆಗೆ ಹೋಗುವಂತಿಲ್ಲ, ಅದು ಲಕ್ಷ್ಮಿ ಬಾಗಿಲಿಗೆ ಬರುವ ಹೊತ್ತು. ಸೀಮೆಎಣ್ಣೆ ಎಷ್ಟೇ ಕಡಿಮೆಯಿದ್ದರೂ ಆ ಹೊತ್ತಿನ ದೀಪಕ್ಕೆ ಅಜ್ಜಿ ಜಿಪುಣತನ ಮಾಡಿದ್ದನ್ನು ನಾನು ನೋಡಿಲ್ಲ.

ಸರಿ, ಹೊಸ ಮನೆಗೆ ಬಂದ ಮೇಲೆ ಖಾಲಿ ಕಾಫಿಪುಡಿ ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಉಳಿಸಿದ್ದು ಯಾವುದರಲ್ಲೋ ಆ ಹೆಸರಿನ ಡಬ್ಬಿಗೆ. ನಮ್ಮನೆಯವರು ಜೀಪು ಹತ್ತದೆ ಎಸ್ಟೇಟ್ ಗೇಟಿನಿಂದ ಕಾಲುದಾರಿಯಲ್ಲಿ ನಡೆದು ಬಂದರೆ ಆ ಚಾರ್ಜು ಜೀಪಿನ ಡಬ್ಬಿಗೆ. ಬಚ್ಚಲಿನ ಹಂಡೆಗೆ ಕಾಫಿ ಗಿಡ ಸವರಿದ ಕಟ್ಟಿಗೆ ತಂದು ಉರಿಸಿದರೆ ಮಿಕ್ಕಿದ್ದು ಸೌದೆ ಡಬ್ಬಿಗೆ. ಎಲ್ಲಕ್ಕಿಂತ ಬೇಗ ತುಂಬುತ್ತಿದ್ದದ್ದು ದೀಪದ ಡಬ್ಬಿ. ಆಮೇಲೆ ಸರ್ಕಾರ ಬಿಟ್ಟಿ ಕರೆಂಟು ಕೊಟ್ಟು ಬಿಲ್ಲೇ ಬರದ ಕಾಲ ಬಂತು, ಆಗಲೂ ಬಿಲ್ಲು ಬಂದಿದೆ ಎಂದೇ ತಿಳಿದು ನಾನು ಆ ದುಡ್ಡನ್ನು ಡಬ್ಬಿಗೆ ಹಾಕಿದೆ. ಕೊಯ್ಲು ಮುಗಿದು ಬೋನಸ್ ಬಂದಾಗ ಡಬ್ಬಿಗಳನ್ನೆಲ್ಲ ಬೋರಲು ಹಾಕಿ, ಎರಡನ್ನೂ ಸೇರಿಸಿ ಬ್ಯಾಂಕಿಗೆ ಹೋಗಿ ಅಸಲಿಗೇ ಕಟ್ಟಿ ಬರುತ್ತಿದ್ದೆವು. ಹಾಗೆ ಕಟ್ಟಿ ಬಂದ ದಿನ ಮಾತ್ರ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಇಬ್ಬರಿಗೂ ಸೇರಿ.

ಇನ್ನು ವಿಚಿತ್ರಕ್ಕೆ ಬರುತ್ತೇನೆ. ಗ್ಯಾಸ್ ಉಳಿಸಲು ನನಗೊಂದು ಉಪಾಯ ಹೊಳೆಯಿತು. ಅನ್ನ ಅರ್ಧ ಬೆಂದ ಮೇಲೆ ಒಲೆ ಆರಿಸಿ, ಪಾತ್ರೆಯನ್ನು ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಹೂತಿಟ್ಟರೆ ಉಳಿದದ್ದು ಆ ಕಾವಿನಲ್ಲೇ ಬೇಯುತ್ತದೆ. ಪೆಟ್ಟಿಗೆ ಏನಾದರೂ ಸಿಕ್ಕೀತೇ ಎಂದು ಅಟ್ಟ ಹತ್ತಿದೆ. ಮೂಲೆಯಲ್ಲಿ ಗೋಣಿ ಮುಚ್ಚಿದ ಒಂದು ಮರದ ಪೆಟ್ಟಿಗೆ. ಗೋಣಿ ತೆಗೆದರೆ ಒಳಗೆ ಕಪ್ಪಾದ ಹೊಟ್ಟು, ಹೊಟ್ಟಿನ ನಡುವೆ ಪಾತ್ರೆ ಇಟ್ಟೂ ಇಟ್ಟೂ ಆದ ಗುಂಡನೆಯ ಗುಂಡಿ. ಕೆಳಗಿಳಿಸಿ ನನ್ನ ಅನ್ನದ ಪಾತ್ರೆಯನ್ನು ಅದರಲ್ಲಿಟ್ಟೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಬಟ್ಟೆ ಹೊಲಿಯಲು ದೀಪ ಬೇಡವೆಂದು ಪಶ್ಚಿಮದ ಕಿಟಕಿ ಕೆಳಗೆ ಕೂರಲು ಹೋದೆ, ಅಲ್ಲಿ ಕೆಂಪು ನೆಲ ಎರಡು ಪಾದದಷ್ಟು ಅಗಲಕ್ಕೆ ಸವೆದಿತ್ತು. ನನಗಿಂತ ಮೊದಲು ಯಾರೋ ಅಲ್ಲೇ ಕೂತು, ಅದೇ ಇಳಿಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡಿದ್ದಾರೆ. ನನ್ನ ತಲೆಗೆ ಬಂದದ್ದೆಲ್ಲ ಈ ಮನೆಗೆ ಮೊದಲೇ ಬಂದಿತ್ತು.

ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಎರಡೂ ಕತ್ತಲೆ, ಮಂಜು ಇಳಿದ ದಿನ ಮಧ್ಯಾಹ್ನವೂ ದೀಪ ಬೇಕು. ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆದು ನಡುವೆ ಒಂದೇ ಬಲ್ಬು ತೂಗಿಬಿಟ್ಟರೆ ಎರಡು ಕೋಣೆಗೂ ಬೆಳಕಾಗುತ್ತದೆ ಎಂದು ನಮ್ಮನೆಯವರಿಗೆ ಹೇಳಿದೆ. ಅವರು ಗೊಣಗಿಕೊಂಡೇ ಚಾಣ, ಸುತ್ತಿಗೆ ತಂದು ಸ್ಟೂಲು ಹತ್ತಿದರು. ಎಲ್ಲಿ ಹೊಡೆಯಲಿ ಎಂದಾಗ ನಾನು ಬೆರಳು ಮಾಡಿ ತೋರಿಸಿದೆ. ಸುತ್ತಿಗೆ ಬಿದ್ದದ್ದೇ ಗೋಡೆ ಬುರುಬುರು ಎಂದಿತು. ಗಾರೆ ಒಂದೇ ಹೆಂಟೆಯಾಗಿ ಕಳಚಿ ಕೈಗೆ ಬಂತು. ಅದರ ಹಿಂದೆ ಚೌಕಾಕಾರದ ಕಿಂಡಿ ಸಿದ್ಧವಾಗಿತ್ತು, ಆ ಬದಿಗೂ ಈ ಬದಿಗೂ. ಒಳಗಿನ ಅಂಚೆಲ್ಲ ಹೊಗೆ ಹಿಡಿದು ಕಪ್ಪಾಗಿತ್ತು.

ನಮ್ಮನೆಯವರು ಸ್ಟೂಲಿನಿಂದ ಇಳಿದು ಅಲ್ಲೇ ಕೂತರು. ಕರೆಂಟ್ ಕಟ್ಟಾದ ಮೇಲೆ ಹಿಂದಿನವರು ಇಲ್ಲಿ ಚಿಮಣಿ ದೀಪ ಇಟ್ಟಿರಬೇಕು ಎಂದು ನಾನೇ ಒಂದು ಸಮಾಧಾನ ಹೇಳಿದೆ. ಅವರು ಚಾಣಕ್ಕೆ ಹತ್ತಿದ ಗಾರೆ ಒರೆಸಿದರು. ಕೊನೆಗೆ, "ಇಷ್ಟೆಲ್ಲ ಮಾಡಿಯೂ ಅವ್ರಿಗೆ ಈ ಮನೆ ಉಳೀಲಿಲ್ಲ ಮಾರಾಯ್ತಿ" ಎಂದರು.

ನಾವು ನಡೆಯುತ್ತಿರುವುದು ಮುಳುಗಿದವರ ಹೆಜ್ಜೆಯ ಮೇಲೆ ಎಂದಾಯಿತಲ್ಲ. ಕಳಚಿದ ಹೆಂಟೆಯನ್ನು ಬಿಸಾಡಲು ಎತ್ತಿಕೊಂಡೆ. ಸುಣ್ಣದ ಪದರದ ಕೆಳಗೆ ನಾಲ್ಕು ಬೆರಳು ಎಳೆದ ಗೆರೆಗಳು ಕಂಡವು. ಮೇಸ್ತ್ರಿಯ ಕರಣೆಯಲ್ಲ, ಬರಿಗೈಯಲ್ಲಿ ಮೆತ್ತಿದ್ದು. ಗೆರೆಗಳ ಪಕ್ಕದಲ್ಲಿ ಬಳೆ ಒತ್ತಿದ ಸಣ್ಣ ಕಮಾನು. ಯಾಕೋ ಬಿಸಾಡಲು ಮನಸ್ಸಾಗದೆ ಅಟ್ಟದಲ್ಲಿಟ್ಟೆ.

ಬಲ್ಬು ತೂಗಿಬಿಟ್ಟೆವು. ಬೆಳಕೇನೋ ಎರಡೂ ಕಡೆಗೆ ಬಂತು, ಜೊತೆಗೆ ನೆರಳೂ ಬಂತು. ಬಚ್ಚಲಿನಲ್ಲಿ ಯಾರಾದರೂ ಮಿಂದರೆ ಅವರ ನೆರಳು ಬಚ್ಚಲಿನ ಆಚೆ ಗೋಡೆಯ ಮೇಲೆ ಎದ್ದು ಬಗ್ಗುವುದು ಕಿಂಡಿಯಲ್ಲಿ ಅಡುಗೆಮನೆಗೆ ಕಾಣುತ್ತಿತ್ತು. ಒಂದು ಸಂಜೆ ನಾನು ಸೊಪ್ಪು ಹೆಚ್ಚುತ್ತಿದ್ದೆ. ನೆರಳು ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು. ನಮ್ಮನೆಯವರು ಮೀಯುತ್ತಿದ್ದಾರೆ ಎಂದುಕೊಂಡು, ನೀರು ಸಾಕಾ, ಇನ್ನೊಂದು ಕಟ್ಟಿಗೆ ಒಟ್ಟಲಾ ಎಂದು ಕೇಳಿದೆ. ನೆರಳು ಬಗ್ಗಿದಲ್ಲೇ ನಿಂತಿತು. ಅಷ್ಟರಲ್ಲಿ ನಮ್ಮನೆಯವರು ಚಪ್ಪಲಿ ಬಿಟ್ಟು ಮುಂದಿನ ಬಾಗಿಲಿನಿಂದ ಒಳಗೆ ಬಂದು, ಯಾರ ಹತ್ತಿರ ಮಾತಾಡ್ತಾ ಇದ್ದಿ ಎಂದರು. ನಾನು ಚಾಕು ಹಿಡಿದುಕೊಂಡೇ ಬಚ್ಚಲಿಗೆ ಹೋಗಿ ನೋಡಿದೆ. ನೆಲ ಒಣಗಿತ್ತು. ಹಗ್ಗದ ಮೇಲೆ ಟವೆಲ್ಲು ಗಾಳಿಗೆ ಅಲ್ಲಾಡುತ್ತಿತ್ತು. ಟವೆಲ್ಲೇ ಎಂದು ಅವತ್ತು ನಾನು ತೀರ್ಮಾನ ಮಾಡಿದೆ. ಸಾಲದ ಮನೆಯಲ್ಲಿ ಇರುವವರಿಗೆ ಬೇರೆ ತೀರ್ಮಾನ ಮಾಡುವ ಅನುಕೂಲ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಆಗ ನಾನು ಸಂಗತಿ ಎಂದೇ ಎಣಿಸಿರಲಿಲ್ಲ. ಹಾಲಿನವನು ಕೂಗಿದನೆಂದು ದೀಪ ಆರಿಸದೆ ಗೇಟಿಗೆ ಓಡಿದರೆ, ವಾಪಸು ಬರುವಷ್ಟರಲ್ಲಿ ಆರಿರುತ್ತಿತ್ತು. ಅಂಗಡಿಯ ದಾರಿಯಲ್ಲಿ ಅರ್ಧ ಹೋದ ಮೇಲೆ ಅಯ್ಯೋ ಹಾಗೇ ಬಿಟ್ಟು ಬಂದೆನಲ್ಲ ಎಂದು ಹಲ್ಲು ಕಚ್ಚಿಕೊಂಡು ಬಂದರೆ ಮನೆ ಕತ್ತಲಾಗಿರುತ್ತಿತ್ತು. ನಮ್ಮನೆಯವರಿಗೆ ಎಷ್ಟು ಜಾಗ್ರತೆ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳಲಿಲ್ಲ. ಗಂಡಸರನ್ನು ಹೊಗಳಿದರೆ ಮರುದಿನದಿಂದ ಕೆಲಸ ನಿಲ್ಲಿಸುತ್ತಾರೆ.

ಹೀಗೆ ನಡೆಯುತ್ತಿದ್ದಾಗ, ರಿಟೈರ್‌ಮೆಂಟ್ ಹತ್ತಿರ ಬಂದ ಹೊತ್ತಿಗೇ ನಮ್ಮನೆಯವರು ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಆಸ್ಪತ್ರೆಗೆಂದು ಡಬ್ಬಿಗಳೆಲ್ಲ ಖಾಲಿಯಾದವು. ಆ ವರ್ಷ ಅಸಲಿಗೆ ಬಿಡಿಗಾಸೂ ಹೋಗಲಿಲ್ಲ, ಕಂತು ಕಟ್ಟಿದ್ದೇ ದೊಡ್ಡದು. ಹಿಂದಿನವರಿಗೂ ಹೀಗೇ ಆಗಿತ್ತೇ? ಅವರು ಎಲ್ಲಿ ಎಡವಿದರು ಎಂದು ಗೊತ್ತಾದರೆ ನಾವಾದರೂ ಆ ಕಲ್ಲು ದಾಟಬಹುದು. ಇಷ್ಟು ವರ್ಷ ಆ ಮನೆ ಕಳೆದುಕೊಂಡ ಹೆಂಗಸಿಗೆ ಮುಖ ತೋರಿಸಲು ನಾಚಿಕೊಂಡಿದ್ದವಳು, ಅವರು ಈಗ ಕಳಸದಲ್ಲಿ ಜೀಪು ಸ್ಟ್ಯಾಂಡಿನ ಹತ್ತಿರ ಕ್ಯಾಂಟೀನು ಇಟ್ಟಿದ್ದಾರೆಂದು ವಿಚಾರಿಸಿಕೊಂಡು ಬಸ್ಸು ಹತ್ತಿದೆ.

ಸರೋಜಕ್ಕ ಎಂದು ಅವರ ಹೆಸರು. ನಾನು ಯಾರೆಂದು ತಿಳಿದ ಮೇಲೆ ಅವರ ಮುಖ ಒಂದು ಕ್ಷಣ ಗಟ್ಟಿಯಾಯಿತು, ಆಮೇಲೆ ಒಂದು ಲೋಟ ಕಾಫಿ ತಂದಿಟ್ಟರು. ನಾನು ಪೆಟ್ಟಿಗೆಯ ವಿಷಯ, ಕಿಂಡಿಯ ವಿಷಯ ಎಲ್ಲ ಹೇಳಿ, ಅಷ್ಟು ಕಷ್ಟಪಟ್ಟು ಉಳಿಸಿಯೂ ಮನೆ ಹೇಗೆ ಹೋಯಿತು ಅಕ್ಕಾ ಎಂದು ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು.

"ಎಂಥ ಕಿಂಡಿ? ನಾವಿದ್ದಾಗ ಅಲ್ಲಿ ಬರೀ ಗೋಡೆ ಇದ್ದದ್ದು. ಅಟ್ಟಕ್ಕೆ ನಾನು ಒಂದು ದಿನವೂ ಹತ್ತಿಲ್ಲ. ಉಳಿಸೋ ಬುದ್ಧಿ ನಮಗೆ ಇದ್ದಿದ್ರೆ ನಾನ್ಯಾಕೆ ಇಲ್ಲಿ ಲೋಟ ತೊಳೀತಾ ಇರ್ತಿದ್ದೆ? ಕೋಣೆ ಕೋಣೆಗೂ ಟ್ಯೂಬ್‌ಲೈಟ್ ಉರೀತಿತ್ತು ನಮ್ದು."

ಗಿರಾಕಿಗೆ ಇಡ್ಲಿ ಕೊಟ್ಟು ಬಂದು ಅವರೇ ಮುಂದುವರಿಸಿದರು. "ಒಂದೇ ತಾಪತ್ರಯ ಇತ್ತು ನೋಡು. ಹಾಕಿದ ಲೈಟು ಹಂಗೇ ಆರ್ತಿತ್ತು. ಸ್ವಿಚ್ಚೇ ಆಫ್ ಆಗಿರ್ತಿತ್ತು. ವೈರಿಂಗ್ ಕೆಟ್ಟಿದೆ ಅಂತ ಇವ್ರು ಇಡೀ ಮನೆದು ಕೀಳಿಸಿ ಹೊಸದು ಹಾಕ್ಸಿದ್ರು. ಅದಕ್ಕೆ ಮತ್ತೊಂದು ಸಾಲ. ಆಮೇಲೂ ಆರ್ತಾನೇ ಇತ್ತು. ನಿಮ್ಗೂ ಆರ್ತದಾ?"

ಇಲ್ಲ ಅಕ್ಕಾ, ನಮ್ಮಲ್ಲಿ ಇವರೇ ಆರಿಸುತ್ತಾರೆ ಎಂದು ಹೇಳಿದೆ. ಹೇಳುವಾಗ ಅದು ನಿಜವೆಂದೇ ನಂಬಿದ್ದೆ.

ಬಸ್ಸು ಕಳಸದ ತಿರುವುಗಳನ್ನು ಹತ್ತುತ್ತಿದ್ದಾಗ ನನಗೆ ಒಂದೊಂದೇ ಹೊಳೆಯತೊಡಗಿತು. ಹಾಲಿನವನು ಬರುವ ಹೊತ್ತಿಗೆ ನಮ್ಮನೆಯವರು ಎಸ್ಟೇಟಿನ ಹಾಜರಿಗೆ ಹೋಗಿಯಾಗಿರುತ್ತಿತ್ತು. ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲೂ ದೀಪ ಆರಿತ್ತು. ಇಳಿದ ಕೂಡಲೇ ಅವರನ್ನು ಕೇಳಿಬಿಡಬೇಕು ಎಂದುಕೊಂಡೆ. ಮನೆ ಬಾಗಿಲಿಗೆ ಬಂದಾಗ ಧೈರ್ಯ ಉಡುಗಿತು. ಅವರು ನಾನಲ್ಲ ಎಂದುಬಿಟ್ಟರೆ? ಆ ಮೇಲೆ ನಾನು ಆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಒಗ್ಗರಣೆ ಹಾಕುವುದುಂಟೇ? ಸಾಲ ಇರುವಷ್ಟು ದಿನ ಮನೆ ಬಿಟ್ಟು ಹೋಗುವ ಹಾಗೂ ಇಲ್ಲ. ಕೇಳುವುದಾದರೆ ಸಾಲ ತೀರಿದ ಮೇಲೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಅವತ್ತಿನಿಂದ ದೀಪವನ್ನು ಮರೆಯದೆ ನಾನೇ ಆರಿಸತೊಡಗಿದೆ, ಬೇರೆ ಯಾರಿಗೂ ಆ ಕೆಲಸ ಉಳಿಯದ ಹಾಗೆ. ಅತ್ತಿಗುಂಡಿಯ ಆ ಬಡಪಾಯಿ ಕತ್ತಲಲ್ಲಿ ನಿಂತದ್ದು ಈ ಕಾರಣಕ್ಕೆ.

ಇಷ್ಟು ಹೇಳಬೇಕು, ಹೆದರಿಕೆಯ ಜೊತೆಗೇ ನನ್ನೊಳಗೆ ಒಂದು ಧೈರ್ಯವೂ ಹುಟ್ಟಿತ್ತು. ನಾವು ಸರೋಜಕ್ಕನ ಹಾದಿಯಲ್ಲಿ ಇರಲಿಲ್ಲ. ನಮಗಿಂತ, ಅವರಿಗಿಂತ ಹಿಂದೆ, ಕರೆಂಟೇ ಇಲ್ಲದ ಕಾಲದಲ್ಲಿ, ಚಿಮಣಿಯ ಹೊಗೆಯಲ್ಲಿ ಯಾರೋ ಹೀಗೆ ಹಿಡಿದು ಹಿಡಿದು ಬದುಕಿದ್ದರು. ಬದುಕಿ, ಕೊನೆಗೊಂದು ದಿನ ಆ ಕಿಂಡಿ ಮುಚ್ಚಿದ್ದರು. ಯಾಕೆ ಮುಚ್ಚಿದರು ಎಂಬುದೊಂದೇ ತಿಳಿಯಲಿಲ್ಲ.

ಕಾಲು ಕೂಡಿತು. ನಮ್ಮನೆಯವರು ಕೋಲೂರಿಕೊಂಡು ಕೆಲಸಕ್ಕೆ ಹೋದರು. ನಾನು ಕಿಟಕಿ ಕೆಳಗೆ ಕೂತು ಬೀದಿಯವರ ರವಿಕೆಗಳನ್ನೆಲ್ಲ ಹೊಲಿದೆ. ಡಬ್ಬಿಗಳು ಮತ್ತೆ ತುಂಬಿದವು. ಮೊನ್ನೆ, ರಿಟೈರ್‌ಮೆಂಟಿಗೆ ಇನ್ನೂ ಒಂದು ಕೊಯ್ಲು ಇರುವಾಗಲೇ, ಕೊನೆಯ ದುಡ್ಡು ಕಟ್ಟಿ ಮನೆಪತ್ರ ಬಿಡಿಸಿಕೊಂಡು ಬಂದೆವು. ಹೋಟೆಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೋಸೆ ತರಿಸಿದೆವು. ನನ್ನ ಕಣ್ಣಿಂದ ನೀರು ಬಂದು ಚಟ್ನಿ ಉಪ್ಪಾಯಿತು.

ಮನೆಗೆ ಬಂದದ್ದೇ ನಾನು ಹೇಳಿದೆ, ಇನ್ನು ಅಡುಗೆಮನೆಗೊಂದು ಬಚ್ಚಲಿಗೊಂದು ಬಲ್ಬು ಹಾಕೋಣ, ಈ ಕಿಂಡಿ ಮುಚ್ಚೋಣ ಎಂದು. ಮೇಸ್ತ್ರಿಯನ್ನು ಕರೆಯುತ್ತೇನೆ ಎಂದು ಅವರು ಹೊರಟರು. ನನ್ನ ಬಾಯಿಂದ ತಾನಾಗಿ ಬಂತು, ಇಷ್ಟಕ್ಕೆ ಯಾಕೆ ಮೇಸ್ತ್ರಿಗೆ ಕೂಲಿ ಕೊಡಬೇಕು ಎಂದು. ಅವರು ಬಲ್ಬುಗಳನ್ನು ಹಾಕಿದರು, ಕಿಂಡಿಗೆ ಇಟ್ಟಿಗೆ ಕೂರಿಸಿದರು, ಬಾಣಲೆಯಲ್ಲಿ ಸಿಮೆಂಟು ಕಲಸಿ ಕೊಟ್ಟರು. ನಾನು ಸ್ಟೂಲು ಹತ್ತಿ ಬರಿಗೈಯಲ್ಲಿ ಮೆತ್ತಿ, ಎಡದಿಂದ ಬಲಕ್ಕೆ ಎಳೆದು ಸಪಾಟು ಮಾಡಿದೆ. ಕೈ ತೆಗೆದು ನೋಡಿದರೆ ನಾಲ್ಕು ಬೆರಳಿನ ಗೆರೆ. ಪಕ್ಕದಲ್ಲಿ ನನ್ನ ಬಳೆ ಒತ್ತಿದ ಸಣ್ಣ ಕಮಾನು.

ನಾನು ಸ್ಟೂಲಿನ ಮೇಲೆ ನಿಂತಲ್ಲೇ ನಿಂತೆ. ಅಟ್ಟದಿಂದ ಆ ಹೆಂಟೆ ತಂದು ಹೋಲಿಸಿ ನೋಡುವ ಅಗತ್ಯವೇ ಬೀಳಲಿಲ್ಲ. ಆ ಕಿಂಡಿ ಯಾಕೆ ಮುಚ್ಚಿತ್ತು ಎಂದು ಈಗ ನನಗೆ ಗೊತ್ತಾಗಿತ್ತು. ಅದನ್ನು ಮೆತ್ತಿದವಳ ಸಾಲವೂ ತೀರಿತ್ತು. ತೀರಿದ ದಿನವೂ ಅವಳಿಗೆ ಮೇಸ್ತ್ರಿಗೆ ಕೂಲಿ ಕೊಡುವ ಮನಸ್ಸಾಗಿರಲಿಲ್ಲ.

ಕೈ ತೊಳೆದು ಇಬ್ಬರೂ ಹಿತ್ತಲ ಜಗಲಿಯಲ್ಲಿ ಕೂತೆವು. ಈಗ ಕೇಳಬಹುದು ಎನ್ನಿಸಿತು. "ರೀ, ಇಷ್ಟು ವರ್ಷ ನಾನು ಮರೆತ ಲೈಟು ಆರಿಸ್ತಾ ಇದ್ದದ್ದು ನೀವಲ್ವಾ?"

ಅವರು ಕೋಲಿನ ತುದಿಯಿಂದ ನೆಲ ಕೆರೆಯುತ್ತ ಕೂತಿದ್ದರು. "ನಾನು ಮರೆತದ್ದನ್ನ ನೀನು ಆರಿಸ್ತಿದ್ದಿ ಅಂತ ಇದ್ದೆ. ನೀನು ಕಳಸಕ್ಕೆ ಹೋದ ದಿನ ಮನೇಲಿ ನಾನೊಬ್ಬನೇ ಇದ್ದೆ, ಆಗ್ಲೂ ಆರ್ತು. ಕೇಳೋಣ ಅಂದ್ಕೊಂಡೆ. ಸಾಲ ತೀರ್ಲಿ ಅಂತ ಸುಮ್ಮನಾದೆ."

ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಹೆದರಿಕೆಯನ್ನೂ ಉಳಿತಾಯ ಮಾಡಿಕೊಂಡು ಬಂದಿದ್ದೆವು. ನಗು ಬರಬೇಕಿತ್ತು. ತಿರುಗಿ ನೋಡಿದರೆ ಅಡುಗೆಮನೆ ಕತ್ತಲಾಗಿತ್ತು. ಹೊಸ ಬಲ್ಬು ಹಾಕಿಯೇ ಹೊರಗೆ ಬಂದಿದ್ದೆ, ಆ ದಿನ ಬೇಕೆಂದೇ ಆರಿಸಿರಲಿಲ್ಲ.

ನಮ್ಮನೆಯವರು ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಂಡು ಎದ್ದು ಒಳಗೆ ಹೋದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಹಸಿ ಸಿಮೆಂಟಿನ ವಾಸನೆ. ಆ ಕತ್ತಲಿಗೆ ಮುಖ ಮಾಡಿ ಹೇಳಿದೆ, "ತೀರ್ತು ಮಾರಾಯ್ತಿ. ಎಲ್ಲ ತೀರ್ತು. ಇವತ್ತೊಂದು ದಿನ ಉರೀಲಿ ಬಿಡು."

ಸ್ವಿಚ್ಚು ಹಾಕಿದೆ. ಹೊಸ ಪುಡಿ ಹಾಕಿ ಎರಡು ಲೋಟ ಕಡು ಕಾಫಿ ಮಾಡಿಕೊಂಡು ಜಗಲಿಗೆ ಬಂದೆ. ಅಷ್ಟರಲ್ಲಿ ಮುಸ್ಸಂಜೆಯಾಗಿತ್ತು. ಇಷ್ಟು ವರ್ಷದಲ್ಲಿ ಆ ಹೊತ್ತಿನಲ್ಲಿ ದೀಪ ಒಮ್ಮೆಯೂ ಆರಿರಲಿಲ್ಲ ಎಂಬುದು ನೆನಪಾಗಿ ಮನಸ್ಸು ಹಗುರಾಯಿತು. ನನ್ನ ಅಜ್ಜಿಯಂಥವಳೇ ಯಾರೋ, ಕ್ರಮ ಬಲ್ಲವಳು. ಕಾಫಿ ಮುಗಿಯುವವರೆಗೂ ಬೆನ್ನ ಹಿಂದಿನ ಬೆಳಕು ಹಾಗೆಯೇ ಇತ್ತು. ಆ ಬೆಳಕಿಗೆ ಹಿತ್ತಲಿನ ನೆಲದ ಮೇಲೆ ನಮ್ಮ ನೆರಳುಗಳು ಉದ್ದಕ್ಕೆ ಬಿದ್ದಿದ್ದವು. ಎಷ್ಟಿವೆ ಎಂದು ನಾನು ಎಣಿಸಲು ಹೋಗಲಿಲ್ಲ.